ರಕ್ತನಾಳದೊಳಗೆ ಇಳಿಯುವ ಅಲ್ಟ್ರಾಸೌಂಡನ್ನು ಎಷ್ಟು ನಂಬಬಹುದು?

ಎಲ್ಲರಿಗೂ ನಮಸ್ಕಾರ. ಬೋರ್‌ವೆಲ್ ಕೈಕೊಟ್ಟರೆ ಒಳಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ, ಅಲ್ವಾ? ಹೃದಯದ ರಕ್ತನಾಳಕ್ಕೂ ಹಾಗೊಂದು ಉಪಾಯ ಇದೆ. ವೈದ್ಯರು ಅದನ್ನು ಐವಸ್ (IVUS, ಅಂದರೆ ರಕ್ತನಾಳದೊಳಗಿನ ಅಲ್ಟ್ರಾಸೌಂಡ್) ಅನ್ನುತ್ತಾರೆ. ಸುಮಾರು 1 ಮಿಲಿಮೀಟರ್ ದಪ್ಪದ ಕ್ಯಾತಿಟರ್, ಅಂದರೆ ನಾಳದೊಳಗೆ ತೂರಿಸುವ ಸಣ್ಣ ಕೊಳವೆ, ಅದರ ತುದಿಯ ಹತ್ತಿರ ಪುಟಾಣಿ ಅಲ್ಟ್ರಾಸೌಂಡ್. ಬೆಳಕಿನ ಮಾತೇ ಇಲ್ಲ. ಶಬ್ದ ನಾಳದ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಅದರಿಂದಲೇ ಚಿತ್ರ.

ಆಂಜಿಯೋಗ್ರಾಮ್ ಸಾಲದಾ ಅಂತ ಕೇಳಬಹುದು. ಅದರಲ್ಲಿ ಕಾಣುವುದು ಡೈ ಹರಿಯುವ ದಾರಿ ಮಾತ್ರ, ಗೋಡೆಯಲ್ಲ. ಕೊಬ್ಬು ಕೂತಾಗ ನಾಳ ಮೊದಲು ಹೊರಕ್ಕೆ ಹಿಗ್ಗಿ ಜಾಗ ಮಾಡಿಕೊಡುತ್ತದೆ. ಸುಮಾರು 40% ತುಂಬುವ ತನಕ ಒಳದಾರಿ ಕಿರಿದಾಗುವುದೇ ಇಲ್ಲ ಎಂದು ರೋಗಶಾಸ್ತ್ರಜ್ಞ ಗ್ಲಾಗೋವ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದರು. ಅಷ್ಟೂ ದಿನ ಆಂಜಿಯೋಗ್ರಾಮ್ ಚೆನ್ನಾಗೇ ಇರುತ್ತದೆ!

ಹಾಗಂತ ಐವಸ್ ಹೇಳಿದ್ದೆಲ್ಲ ನಿಜವಾ? ಅಗಲದ ವಿಷಯದಲ್ಲಿ ನಾನಂತೂ ನಂಬುತ್ತೇನೆ. ಆದರೆ ಕ್ಯಾತಿಟರ್ ಓರೆಯಾಗಿ ಕೂತಿದ್ದರೆ, ಸೌತೆಕಾಯಿಯನ್ನು ಓರೆಯಾಗಿ ಕೊಯ್ದ ಹಾಗೆ, ದುಂಡಗಿನ ನಾಳ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ, ವಿಸ್ತೀರ್ಣವೂ ಜಾಸ್ತಿ ಬರುತ್ತದೆ. ಪರದೆಯ ಮೇಲೆ ಅಂಚಿನ ಗೆರೆ ಎಳೆಯುವವರ ಕೈಯೂ ಮುಖ್ಯ: ಗೆರೆ ಸ್ವಲ್ಪ ಹೊರಗೆ ಹೋಗಿ ವ್ಯಾಸ 10% ಹೆಚ್ಚಾದರೆ ವಿಸ್ತೀರ್ಣ 21% ಹೆಚ್ಚಾಗುತ್ತದೆ.

ಉದ್ದದ ಲೆಕ್ಕ ಇನ್ನೂ ಕಷ್ಟ. ಕ್ಯಾತಿಟರನ್ನು ನಾಳದುದ್ದಕ್ಕೂ ಹಿಂದಕ್ಕೆ ಎಳೆಯುತ್ತಾ ಉದ್ದ ಅಳೆಯುತ್ತಾರೆ. ಮೋಟಾರು ಸೆಕೆಂಡಿಗೆ 0.5 ಮಿಲಿಮೀಟರಿನಂತೆ ಹದವಾಗಿ ಎಳೆಯುತ್ತಿದ್ದರೂ, ಹೃದಯ ಬಡಿದಾಗೆಲ್ಲ ಕ್ಯಾತಿಟರ್ ಹಿಂದೆ ಮುಂದೆ ಆಡುತ್ತದೆ. ಕೈಯಲ್ಲಿ ಎಳೆದರಂತೂ ಬರೀ ಅಂದಾಜು.

ಇನ್ನು ಕ್ಯಾಲ್ಸಿಯಂ. ಪಾತ್ರೆಗೆ ಸುಣ್ಣ ಕಟ್ಟಿದ ಹಾಗೆ ನಾಳಕ್ಕೂ ಕಟ್ಟುತ್ತದೆ. ಶಬ್ದ ಅದನ್ನು ದಾಟಿ ಹೋಗಲ್ಲ, ಹಿಂದೆಲ್ಲ ಕಪ್ಪು ನೆರಳು. ಕ್ಯಾಲ್ಸಿಯಂ ಇದೆ ಅಂತ ಗೊತ್ತಾಗುತ್ತದೆ, ಎಷ್ಟು ದಪ್ಪ ಅಂತ ಗೊತ್ತಾಗಲ್ಲ. ಕೊಬ್ಬು ಯಾವ ಬಗೆಯದು ಎಂದು ಬಣ್ಣ ಹಚ್ಚಿ ತೋರಿಸುವ ಸಾಫ್ಟ್‌ವೇರ್ ಕೂಡ ಇದೆ. ಅದು ಒಮ್ಮೊಮ್ಮೆ ಸ್ಟೆಂಟಿನ (ನಾಳ ಮುಚ್ಚದಂತೆ ಒಳಗೆ ಕೂರಿಸುವ ಜಾಲರಿ ಕೊಳವೆಯ) ಲೋಹದ ಕಡ್ಡಿಯನ್ನೇ ಕ್ಯಾಲ್ಸಿಯಂ ಅಂದುಬಿಡುತ್ತದೆ! ಆ ಬಣ್ಣಗಳನ್ನು ನೋಡಿ ಬೆರಗಾಗಬೇಕಿಲ್ಲ.

ಇಷ್ಟೆಲ್ಲ ಕೊರತೆ ಇದ್ದೂ ಉಪಯೋಗವಿದೆಯಾ? ಇದೆ. 2018ರಲ್ಲಿ ಪ್ರಕಟವಾದ, ಚೀನಾದಲ್ಲಿ 1,448 ರೋಗಿಗಳ ಮೇಲೆ ನಡೆದ 'ಅಲ್ಟಿಮೇಟ್' ಅಧ್ಯಯನದಲ್ಲಿ, ಸ್ಟೆಂಟ್ ಹಾಕಿದ ನಾಳದಲ್ಲಿ ಒಂದು ವರ್ಷದೊಳಗೆ ಮತ್ತೆ ತೊಂದರೆ ಕಂಡದ್ದು ಐವಸ್ ನೋಡಿ ಹಾಕಿಸಿಕೊಂಡವರಲ್ಲಿ 2.9%, ಬರೀ ಆಂಜಿಯೋಗ್ರಾಮ್ ನೋಡಿ ಹಾಕಿಸಿಕೊಂಡವರಲ್ಲಿ 5.4%. ಐವಸ್ ಗುಂಪಿನಲ್ಲೇ, ಸ್ಟೆಂಟ್ ನಿಗದಿಯಾದ ಅಳತೆಗೆಲ್ಲ ಸರಿಯಾಗಿ ಅರಳಿದವರಲ್ಲಿ ಅದು 1.6%. ಅಳತೆ ಮುಟ್ಟದೇ ಬಿಟ್ಟವರಲ್ಲಿ 4.4%.