ದಿನಾ ಹೇಳಲೆಂದು ಬರೆದದ್ದೇ ಅಲ್ಲ: ಅಮೆರಿಕದ ಶಾಲಾ ಪ್ರತಿಜ್ಞೆಯ ಕಥೆ

[ಸ್ಕ್ರೀನ್ ಮೇಲೆ: ಹಳೆಯ ಕಪ್ಪು-ಬಿಳುಪು ಫೋಟೋ]

ಈ ಫೋಟೋ ನೋಡಿ. ಒಂದು ತರಗತಿ, ಸಾಲಾಗಿ ನಿಂತ ಪುಟ್ಟ ಮಕ್ಕಳು. ಎಲ್ಲರ ಬಲಗೈ ಬಾವುಟದ ಕಡೆಗೆ ನೆಟ್ಟಗೆ ಚಾಚಿದೆ. ಯಾವ ದೇಶ ಹೇಳಿ? ಹಿಟ್ಲರನ ಜರ್ಮನಿ ಅಂದಿರಾ? ಅಲ್ಲ, ಇದು ಅಮೆರಿಕ.

ನಮಸ್ಕಾರ. ಶಾಲೆಯಲ್ಲಿ ಮಕ್ಕಳು ದಿನಾ ದೇಶನಿಷ್ಠೆಯ ಪ್ರತಿಜ್ಞೆ ಹೇಳಬೇಕಾ? ಅಮೆರಿಕದಲ್ಲಿ ಈ ಜಗಳ ಆಗಾಗ ಏಳುತ್ತಲೇ ಇರುತ್ತದೆ. ಅಲ್ಲಿನ ಪ್ರತಿಜ್ಞೆ ಇಂಗ್ಲಿಷಿನಲ್ಲಿ 31 ಪದ: ಬಾವುಟಕ್ಕೂ ಅದು ಸೂಚಿಸುವ ಗಣರಾಜ್ಯಕ್ಕೂ ನಿಷ್ಠೆಯಿಂದ ಇರುತ್ತೇನೆ ಎಂಬ ಮಾತು. ಎದೆ ಮೇಲೆ ಕೈ ಇಟ್ಟುಕೊಂಡು ಹೇಳುತ್ತಾರೆ, ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಬಹುಪಾಲು ರಾಜ್ಯಗಳಲ್ಲಿ ಇದಕ್ಕೆ ಕಾನೂನೂ ಇದೆ. ಬೇಸಿಕ್ ಇಷ್ಟೇ, ಮುಂದೆ ಹೋಗೋಣ.

ಇದನ್ನು ಬರೆದದ್ದು ಯಾರು? ಸಂವಿಧಾನ ಬರೆದವರಲ್ಲ, ಸಂಸತ್ತೂ ಅಲ್ಲ. ಒಂದು ವಾರಪತ್ರಿಕೆ! ಬಾಸ್ಟನ್ನಿನ 'ಯೂತ್ಸ್ ಕಂಪ್ಯಾನಿಯನ್'. ಆ ಪತ್ರಿಕೆಯವರು ಶಾಲೆಗಳಿಗೆ ಬಾವುಟ ಮಾರುತ್ತಿದ್ದರು. 1892ರ ಹೊತ್ತಿಗೆ ಸುಮಾರು 26,000 ಶಾಲೆಗಳಿಗೆ ಮಾರಿದ್ದರು. ಮಕ್ಕಳಿಗೆ ಹತ್ತು ಸೆಂಟಿನ ಕಾರ್ಡುಗಳನ್ನು ಕೊಡುವುದು, ಅವರು ಊರವರಿಗೆ ನೂರು ಕಾರ್ಡು ಮಾರಿ ಹತ್ತು ಡಾಲರ್ ಕೂಡಿಸುವುದು, ಶಾಲೆಗೆ ಬಾವುಟ ಬರುವುದು. ಇವತ್ತಿನ ಮಾರ್ಕೆಟಿಂಗ್ ಮಂದಿ ಇವರ ಕಾಲಿಗೆ ಬೀಳಬೇಕು.

ಅದೇ ವರ್ಷ ಕೊಲಂಬಸ್ ಅಮೆರಿಕ ಮುಟ್ಟಿ 400 ವರ್ಷ. ಅಕ್ಟೋಬರ್ 21ಕ್ಕೆ ದೇಶದ ಶಾಲೆಗಳಲ್ಲೆಲ್ಲ ಹಬ್ಬ. ಆ ಕಾರ್ಯಕ್ರಮಕ್ಕೆಂದು ಪತ್ರಿಕೆಯಲ್ಲಿ ಕೆಲಸಕ್ಕಿದ್ದ ಫ್ರಾನ್ಸಿಸ್ ಬೆಲ್ಲಮಿ ನಾಲ್ಕು ಸಾಲು ಬರೆದುಕೊಟ್ಟರು. ಗಮನಿಸಿ: ಒಂದು ದಿನದ ಹಬ್ಬಕ್ಕೆ! ದಿನಾ ಬೆಳಗ್ಗೆ ಹೇಳಿಸಬೇಕು ಎಂಬುದು ಆ ಕಾರ್ಯಕ್ರಮದಲ್ಲಿ ಇರಲೇ ಇಲ್ಲ. 'ಸಮಾನತೆ' ಎಂಬ ಮಾತನ್ನೂ ಸೇರಿಸಬೇಕು ಎಂದು ಬೆಲ್ಲಮಿಗೆ ಆಸೆಯಿತ್ತಂತೆ. ಹೆಂಗಸರಿಗೆ, ಕಪ್ಪು ಜನರಿಗೆ ಸಮಾನತೆ ಅಂದರೆ ಉರಿದುಬೀಳುವವರು ಜಾಸ್ತಿ ಇದ್ದ ಕಾಲ. ಬಿಟ್ಟುಬಿಟ್ಟರು.

ಈಗ ಕೈ ವಿಷಯಕ್ಕೆ ಬರೋಣ. ಇದನ್ನು ಎಷ್ಟು ಹೇಳಿದರೂ ನನಗೆ ಸಾಕಾಗುವುದಿಲ್ಲ. ಪ್ರತಿಜ್ಞೆಯ ಜೊತೆ ಒಂದು ಸೆಲ್ಯೂಟ್ ಕೂಡ ಅಚ್ಚಾಗಿತ್ತು. ಮೊದಲು ಸೈನಿಕರ ಹಾಗೆ ಕೈ ಹಣೆಗೆ. 'ನನ್ನ ಬಾವುಟಕ್ಕೆ' ಎನ್ನುವಾಗ ಆ ಕೈಯನ್ನು ಬಾವುಟದ ಕಡೆ ಚಾಚಬೇಕು, ಅಂಗೈ ಮೇಲ್ಮುಖವಾಗಿ. ನಲವತ್ತು ವರ್ಷ ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಯುರೋಪಿನಿಂದ ನ್ಯೂಸ್‌ರೀಲ್‌ಗಳು, ಅಂದರೆ ಸಿನಿಮಾ ಮಂದಿರದಲ್ಲಿ ತೋರಿಸುವ ಸುದ್ದಿಚಿತ್ರಗಳು, ಬರತೊಡಗಿದವು. ಅಲ್ಲೂ ಸಾವಿರಾರು ಕೈಗಳು, ಅದೇ ಕೋನ! ವೆಸ್ಟ್ ವರ್ಜೀನಿಯಾದಲ್ಲಿ ಶಿಕ್ಷಕ-ಪೋಷಕರ ಸಂಘ, ಬಾಯ್ ಸ್ಕೌಟ್ಸ್, ರೆಡ್ ಕ್ರಾಸ್ ಎಲ್ಲರೂ 'ಇದು ಹಿಟ್ಲರನದ್ದರ ಹಾಗೇ ಇದೆ' ಎಂದು ಆಕ್ಷೇಪ ಎತ್ತಿದರು. ಕೊನೆಗೆ 1942ರ ಡಿಸೆಂಬರಿನಲ್ಲಿ ಸಂಸತ್ತು ಕೈಯನ್ನು ಎದೆಗೆ ಇಳಿಸಿತು. ಅಷ್ಟರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದು ಒಂದು ವರ್ಷವಾಗಿತ್ತು. ಶತ್ರುವಿನ ಸೆಲ್ಯೂಟ್ ಶಾಲೆಯಲ್ಲೇ ನಡೆಯುತ್ತಿತ್ತು ಅಂದರೆ, ಅಭ್ಯಾಸ ಎಷ್ಟು ಗಟ್ಟಿ ನೋಡಿ.

ಇನ್ನು ಕೋರ್ಟು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮಕ್ಕಳು, ಬಾವುಟಕ್ಕೆ ವಂದಿಸಿದರೆ ವಿಗ್ರಹಾರಾಧನೆ ಆಗುತ್ತದೆ ಎಂದು ಸುಮ್ಮನೆ ನಿಂತರು. ಶಾಲೆ ಹೊರಹಾಕಿತು. 1940ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಶಾಲೆಯೇ ಸರಿ ಎಂದಿತು. ಅದರ ಬೆನ್ನಿಗೇ ಈ ಪಂಗಡದವರ ಮೇಲೆ ದಾಳಿಗಳು ನಡೆದವು. ಮೇನ್ ರಾಜ್ಯದ ಕೆನಬಂಕ್‌ನಲ್ಲಿ ಅವರ ಪ್ರಾರ್ಥನಾ ಮಂದಿರವನ್ನೇ ಸುಟ್ಟರು. ಮೂರೇ ವರ್ಷಕ್ಕೆ ಕೋರ್ಟ್ ಉಲ್ಟಾ ಹೊಡೆಯಿತು. 1943ರ ಜೂನ್ 14, ಅಲ್ಲಿನ ಬಾವುಟದ ದಿನ. 6-3ರಲ್ಲಿ ತೀರ್ಪು: ಬಲವಂತ ಮಾಡುವಂತಿಲ್ಲ. ಮೊದಲು ಶಾಲೆಯ ಪರ ಇದ್ದ ಮೂವರು ನ್ಯಾಯಮೂರ್ತಿಗಳು ಮನಸ್ಸು ಬದಲಿಸಿದ್ದರು. ಅಲ್ಲೂ ಮನುಷ್ಯರೇ ಅಲ್ವಾ.

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ ಬೇಗ. 'ದೇವರ ಅಡಿಯಲ್ಲಿ' ಎಂಬ ಮಾತು ಸೇರಿದ್ದು 1954ರಲ್ಲಿ, ದೇವರಿಲ್ಲದ ಕಮ್ಯುನಿಸ್ಟರಿಗೆ ಟಾಂಗ್ ಕೊಡಲು. ಫ್ಲೋರಿಡಾದಲ್ಲಿ ಮಗು ಪ್ರತಿಜ್ಞೆ ಹೇಳದೆ ಇರಬೇಕಾದರೆ ಅಪ್ಪ-ಅಮ್ಮನ ಪತ್ರ ಬೇಕು! 2008ರಲ್ಲಿ ಫೆಡರಲ್ ಕೋರ್ಟೊಂದು ಅದನ್ನು ಒಪ್ಪಿಕೊಂಡಿದೆ.

ಪ್ರತಿಜ್ಞೆ ಬೇಕು ಎನ್ನುವವರ ಮಾತಿನಲ್ಲೂ ಹುರುಳಿದೆ. ಹತ್ತಾರು ದೇಶಗಳಿಂದ ಬಂದವರ ಮಕ್ಕಳು ಒಂದೇ ಕೋಣೆಯಲ್ಲಿ ಕೂತಾಗ, ಎಲ್ಲರೂ ಒಟ್ಟಿಗೆ ಮಾಡುವ ಕೆಲಸ ಒಂದಾದರೂ ಇರಲಿ ಎಂಬುದು ಅವರ ವಾದ. ಒಪ್ಪುತ್ತೇನೆ. ನನ್ನ ತಕರಾರು 'ದಿನಾ' ಎಂಬುದರ ಮೇಲೆ. ಆರು ವರ್ಷದ ಮಗು 'ಗಣರಾಜ್ಯ', 'ಅವಿಭಾಜ್ಯ' ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತದೆ. ವರ್ಷಕ್ಕೊಮ್ಮೆ ಅರ್ಥ ಹೇಳಿಕೊಟ್ಟು ಹೇಳಿಸಲಿ. ಬೇಡ ಎಂದ ಮಗುವನ್ನು ಪತ್ರಗಿತ್ರ ಕೇಳದೆ ಅದರ ಪಾಡಿಗೆ ಬಿಡಲಿ.

ಅಂದ ಹಾಗೆ, 1943ರ ಆ ತೀರ್ಪು ನಮ್ಮ ದೇಶಕ್ಕೂ ಬಂದಿದೆ. ಕೇರಳದಲ್ಲಿ ಇದೇ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಹಾಡಲಿಲ್ಲ. ಶಾಲೆ ಹೊರಹಾಕಿತು. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅಮೆರಿಕದ ಈ ಕೇಸುಗಳನ್ನೂ ಓದಿ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಅದೇ ಒಂದು ದೊಡ್ಡ ವಿಡಿಯೋ ಆಗುತ್ತದೆ, ಮುಂದಿನ ಸಲ ಮಾಡೋಣ.