ಐವಿಯ ಬಿಳಿ ಅಂಚು ಉಳಿಯಬೇಕೆಂದರೆ

ಕೇಳುಗರೇ, ಕುಂಡದಲ್ಲಿ ಬಣ್ಣದೆಲೆಯ ಐವಿ ಬಳ್ಳಿ ಬೆಳೆಸುವವರನ್ನು ಒಂದು ಪ್ರಶ್ನೆ ಕಾಡುತ್ತಲೇ ಇರುತ್ತದೆ. ತಂದಾಗ ಬಿಳಿ ಅಂಚಿನಿಂದ ಕಂಗೊಳಿಸುತ್ತಿದ್ದ ಎಲೆಗಳು ಬರಬರುತ್ತಾ ಬರೀ ಹಸಿರಾಗುವುದೇಕೆ?

ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ, ಅಲ್ಲಿ ಆಹಾರ ತಯಾರಾಗುವುದಿಲ್ಲ. ಉಳಿದ ಹಸಿರೇ ಇಡೀ ಎಲೆಯನ್ನು ಸಾಕಬೇಕು. ಆದ್ದರಿಂದ ಹಸಿರು ಐವಿ ಸಹಿಸುವ ನೆರಳನ್ನು ಇದು ಸಹಿಸುವುದಿಲ್ಲ. ಬೆಳಕು ಕಡಿಮೆಯಾದರೆ ಹೊಸ ಎಲೆಗಳಲ್ಲಿ ಬಿಳಿ ಮಸುಕಾಗುತ್ತದೆ. ಹಾಗೆಂದು ನಡುಹಗಲ ಬಿಸಿಲಿಗಿಟ್ಟರೆ ಆ ಬಿಳಿ ಅಂಚೇ ಮೊದಲು ಸುಟ್ಟು ಕಂದಾಗುತ್ತದೆ. ಎಳೆಬಿಸಿಲು ಬೀಳುವ ಕಿಟಕಿಯ ಪಕ್ಕವೇ ಇದಕ್ಕೆ ಸರಿಯಾದ ಜಾಗ.

ಇನ್ನೊಂದು ಕಾರಣ ಬಳ್ಳಿಯೊಳಗೇ ಇದೆ. ಚಿಗುರಿನ ತುದಿಯಲ್ಲಿ ಹಸಿರು ಜೀವಕೋಶಗಳ ಪದರವೂ ಬಣ್ಣವಿಲ್ಲದ ಪದರವೂ ಒಂದರ ಮೇಲೊಂದು ಇರುತ್ತವೆ. ಕೆಲವೊಮ್ಮೆ ಹಸಿರು ಪದರವೊಂದರಿಂದಲೇ ಕುಡಿ ಹೊರಡುತ್ತದೆ. ಅದಕ್ಕೆ ಆಹಾರ ಹೆಚ್ಚು, ಓಟವೂ ಹೆಚ್ಚು. ಬಿಟ್ಟರೆ ಇಡೀ ಕುಂಡವನ್ನೇ ಆವರಿಸಿಬಿಡುತ್ತದೆ. ಎಷ್ಟೇ ಸೊಂಪಾಗಿದ್ದರೂ ಕನಿಕರ ಬೇಡ. ಕಂಡ ದಿನವೇ ಆ ಹಸಿರು ಕುಡಿಯನ್ನು ಅದರ ಬುಡದವರೆಗೆ ಕತ್ತರಿಸಿ. ಹಳದಿ ನಡುವಿನ 'ಗೋಲ್ಡ್‌ಹಾರ್ಟ್' ತಳಿಯಲ್ಲಿ ಈ ಕಾಟ ಜಾಸ್ತಿ. ಬೂದು ಹಸಿರಿನ, ಕೆನೆಬಣ್ಣದ ಅಂಚಿನ 'ಗ್ಲೇಸಿಯರ್' ಕುಂಡಕ್ಕೆ ಚೆನ್ನಾಗಿ ಹೊಂದುತ್ತದೆ. ಹೊಸಬರಿಗೆ ನಾನು ಹೇಳುವುದು ಅದನ್ನೇ.

ಹೊಸ ಗಿಡ ಮಾಡಲು ಬೀಜವನ್ನು ನಂಬಬೇಡಿ, ಈ ಬಣ್ಣ ಬೀಜದಲ್ಲಿ ಇಳಿದು ಬರುವುದಿಲ್ಲ. ಎರಡು ಮೂರು ಗೆಣ್ಣುಗಳಿರುವ, ಸುಮಾರು 10 ಸೆಂಟಿಮೀಟರ್ ಉದ್ದದ ತುಂಡನ್ನು ಹಸಿಮಣ್ಣಿನಲ್ಲಿ ಊರಿದರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ಪೂರ್ತಿ ಬಿಳಿಯಾದ ಕುಡಿ ನೋಡಲು ಸುಂದರ, ಆದರೆ ತಾಯಿಬಳ್ಳಿಯಿಂದ ಬೇರ್ಪಟ್ಟರೆ ಬದುಕದು.

ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಕೊಡಿ. ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಒಣಹವೆಯಲ್ಲಿ ಜೇಡನುಸಿ ಬಂದು ಎಲೆಯ ತುಂಬ ಸಣ್ಣ ಸಣ್ಣ ಮಾಸಲು ಚುಕ್ಕೆ ಮೂಡಿಸುತ್ತದೆ. ವಾರಕ್ಕೊಮ್ಮೆ ಕುಂಡವನ್ನು ನಲ್ಲಿಯ ಕೆಳಗೆ ಹಿಡಿದು ಎಲೆಗಳ ಅಡಿಭಾಗವನ್ನು ತೊಳೆಯುತ್ತಿದ್ದರೆ ಅದು ಹತೋಟಿಯಲ್ಲಿರುತ್ತದೆ.

ಪುಟ್ಟ ಕೈತೋಟದಲ್ಲೂ ಐವಿಯನ್ನು ನೆಲಕ್ಕಿಳಿಸದೆ ಕುಂಡದಲ್ಲೇ ಇಟ್ಟು, ಕಂಬಿಯ ಚೌಕಟ್ಟಿಗೆ ಹಬ್ಬಿಸುವುದು ಮೇಲು. ಸಡಿಲ ಗಾರೆಯ ಗೋಡೆಗೆ ಹತ್ತಿದರೆ ಅದರ ಬೇರುಗಳು ಬಿರುಕಿನೊಳಗೆ ನುಗ್ಗುತ್ತವೆ. ನೆಲದಲ್ಲಿ ಹಬ್ಬಿ ಕಾಡು ಸೇರಿದರೆ ಇತರ ಗಿಡಗಳನ್ನು ಮುಚ್ಚಿಹಾಕುತ್ತದೆ. ಅಮೆರಿಕದ ಒರೆಗಾನ್ ರಾಜ್ಯವು ಇದೇ ಜಾತಿಯಾದ ಇಂಗ್ಲಿಷ್ ಐವಿಯ ಮಾರಾಟವನ್ನೇ ನಿಷೇಧಿಸಿರುವುದು ಇದಕ್ಕಾಗಿಯೇ.

ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ಇದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಎಲೆ, ಕಾಯಿ ಎರಡೂ ವಿಷಕಾರಿ. ಮಕ್ಕಳಿಗೆ, ಬೆಕ್ಕು ನಾಯಿಗಳಿಗೆ ಎಟುಕದಷ್ಟು ಎತ್ತರದಲ್ಲಿ ಕುಂಡವನ್ನು ತೂಗುಹಾಕಿ.