ಕಾರವಾರದ ಕಪಾಟಿನಲ್ಲಿ ನಾಲ್ಕು ಬೇಸಿಗೆ ಕಳೆದ ಶಿರಾಜ್

ನಮಸ್ಕಾರ. ಕಿಟಕಿಯಾಚೆ ಕಾಣುತ್ತಿರುವುದು ಕೋಡಿಬಾಗದ ತೆಂಗಿನ ಮರಗಳು. ಮೇಜಿನ ಮೇಲಿರುವುದು ಆಸ್ಟ್ರೇಲಿಯದ ಬರೋಸಾ ಕಣಿವೆಯ ಶಿರಾಜ್, ಅಂದರೆ ಅದೇ ಹೆಸರಿನ ದ್ರಾಕ್ಷಿಯ ಕೆಂಪು ವೈನ್. ಒಬ್ಬರೇ ತಯಾರಕರ ಒಂದೇ ವೈನ್, ಆದರೆ 2021, 2015 ಮತ್ತು 2010ರ ಸುಗ್ಗಿಯ ಮೂರು ಬಾಟಲಿಗಳು. 2021 ಮತ್ತು 2010ನ್ನು ಅಡಿಲೇಡಿನಲ್ಲಿರುವ ನನ್ನ ತಮ್ಮ ಈ ಸಲ ಊರಿಗೆ ಬರುವಾಗ ತಂದ. ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್, ಅಂದರೆ ಇಂಥ ಎರಡೇ ಬಾಟಲಿ. ಹಾಗಾಗಿ 2015 ಹಿಂದೊಮ್ಮೆ ಬಂದದ್ದು. ಈ ದಿನಕ್ಕೆಂದೇ ನಮ್ಮ ಕಪಾಟಿನಲ್ಲಿ ನಾಲ್ಕು ಬೇಸಿಗೆ ಕಾದಿದೆ.

ಮೊದಲು 2021. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ ಲೋಟದ ಅಂಚಿನವರೆಗೂ ತುಂಬಿದೆ. ಹಣ್ಣಿನ ಪರಿಮಳ ದಟ್ಟವಾಗಿದೆ, ಒಗರು ಒಸಡನ್ನೇ ಹಿಡಿಯುತ್ತದೆ. ಪಕ್ಕದ ಬಟ್ಟಲಿನಲ್ಲಿರುವುದು ಶಿರಸಿಯ ಅಡಿಕೆ ತೋಟದಿಂದ ಬಂದ ಕಾಳುಮೆಣಸು, ಈಗಷ್ಟೇ ಕುಟ್ಟಿದ್ದು. ಶಿರಾಜಿನಲ್ಲಿ ಮೆಣಸಿನ ವಾಸನೆ ಇದೆ ಎನ್ನುವುದು ಬರಿಯ ವರ್ಣನೆಯಲ್ಲ. ರೋಟಂಡೋನ್ ಎಂಬ ಒಂದೇ ವಸ್ತು ಎರಡರಲ್ಲೂ ಇದೆ ಎಂಬುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ತಂಪು ಪ್ರದೇಶದ ಶಿರಾಜಿನಲ್ಲಿ ಅದು ಹೆಚ್ಚು, ಬರೋಸಾದಂಥ ಬಿಸಿಲಿನ ನಾಡಿನಲ್ಲಿ ಕಡಿಮೆ. ಬಟ್ಟಲನ್ನೊಮ್ಮೆ ಮೂಸಿ, ಲೋಟವನ್ನೊಮ್ಮೆ ಮೂಸಿದಾಗ ಹಣ್ಣಿನ ಹಿಂದೆ ತೆಳುವಾಗಿ ಅದು ನನಗೆ ಸಿಕ್ಕಿತು. ಇಷ್ಟಾದರೂ ಈ ವೈನ್ ಇನ್ನೂ ಎಳಸು ಎಂದೇ ನನ್ನ ತೀರ್ಮಾನ.

ಈಗ 2015. ಕ್ಯಾಮೆರಾವನ್ನು ಹತ್ತಿರ ತಂದಿದ್ದೇನೆ, ನೋಡಿ: ಕಾರ್ಕ್ ಬಾಟಲಿಯ ಬಾಯಿಗಿಂತ ಮೇಲೆದ್ದಿದೆ, ಹೊದಿಕೆಯ ಕೆಳಗೆ ಅಂಟಂಟಾದ ಕಂದು ಕಲೆ ಲೇಬಲ್ಲಿನವರೆಗೆ ಇಳಿದಿದೆ. ಕಾರ್ಕ್ ಒಣಗಬಾರದು, ಗಾಳಿಯಲ್ಲಿ ತೇವ ಇರಬೇಕು, ಬಾಟಲಿಯನ್ನು ಮಲಗಿಸಿಡಬೇಕು ಎಂಬುದನ್ನು ನಾನು ಶ್ರದ್ಧೆಯಿಂದ ಪಾಲಿಸಿದ್ದೆ. ತೇವಕ್ಕಂತೂ ಕಾರವಾರದಲ್ಲಿ ಕೊರತೆಯಿಲ್ಲ ಎಂದು ನೆಮ್ಮದಿಯಾಗಿದ್ದೆ. ಸೆಕೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವೈನ್ ನೆಮ್ಮದಿಯಾಗಿ ಮಾಗುವುದು 12ರಿಂದ 15 ಡಿಗ್ರಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಕೋಣೆ ಹಗಲು 33 ಡಿಗ್ರಿ ಮುಟ್ಟುತ್ತದೆ, ರಾತ್ರಿಯೂ 27ಕ್ಕಿಂತ ಕೆಳಗಿಳಿಯುವುದಿಲ್ಲ. ಬಿಸಿಗೆ ಹಿಗ್ಗಿದ ವೈನ್ ಕಾರ್ಕನ್ನು ಹೊರಕ್ಕೆ ತಳ್ಳುತ್ತದೆ. ಮಳೆ ಬಂದು ತಂಪಾದಾಗ ಕುಗ್ಗಿ, ಸಡಿಲಾದ ಕಾರ್ಕಿನ ಪಕ್ಕದಿಂದ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ನಾಲ್ಕು ವರ್ಷ ಈ ಬಾಟಲಿ ನನ್ನ ಕಣ್ಣೆದುರೇ ಉಸಿರಾಡುತ್ತ ಹಾಳಾಗಿದೆ, ಮತ್ತು ನಾನು ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದೆ. ರುಚಿ ಹೇಳಲೇಬೇಕು: ತಳ ಹಿಡಿದ ಜಾಮು, ಅದರ ಹಿಂದೆ ಹುಳಿ, ಕೊನೆಗೆ ಏನೂ ಇಲ್ಲ. ಬಣ್ಣ 2010ಕ್ಕಿಂತಲೂ ಹಳೆಯದು. ತಮ್ಮ ಇದಕ್ಕೆ 60 ಡಾಲರ್ ಕೊಟ್ಟಿದ್ದ. ಹಣಕ್ಕಿಂತ ಹೆಚ್ಚಾಗಿ, ಎಳೆಯದಕ್ಕೂ ಹಳೆಯದಕ್ಕೂ ನಡುವಿನ ಮೆಟ್ಟಿಲನ್ನೇ ನಾನು ಕಳೆದುಕೊಂಡೆನಲ್ಲ ಎಂಬ ಬೇಸರ ಇನ್ನೂ ಹೋಗಿಲ್ಲ. ನಮ್ಮ ಕರಾವಳಿಯಲ್ಲಿ ವೈನ್ ಕೂಡಿಡಬೇಕೆನ್ನುವವರಿಗೆ ಕೈಮುಗಿದು ಹೇಳುತ್ತೇನೆ: ತಂಪಿನ ವ್ಯವಸ್ಥೆ ಇಲ್ಲದಿದ್ದರೆ ಕೂಡಿಡಬೇಡಿ, ಬಂದ ತಿಂಗಳಲ್ಲೇ ಕುಡಿಯಿರಿ.

ಇನ್ನು 2010. ಎರಡು ದಿನ ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟು, ಇವತ್ತು ಮಧ್ಯಾಹ್ನ ಹೊರಗೆ ತೆಗೆದೆ. ಮಡ್ಡಿ ತಳದಲ್ಲೇ ಉಳಿಯಲೆಂದು ಬಹಳ ನಿಧಾನವಾಗಿ ಬಗ್ಗಿಸುತ್ತಿದ್ದೇನೆ. ಲೋಟದ ಅಂಚು ನಮ್ಮ ಮಾಡಿನ ಹೆಂಚಿನ ಬಣ್ಣಕ್ಕೆ ತಿರುಗಿದೆ. ಹೊಸ ಮುರುಗಲ ಹಣ್ಣಿನ ರಸದ ಕೆಂಪಿಗೂ ಎರಡು ವರ್ಷ ಡಬ್ಬಿಯಲ್ಲಿದ್ದ ಒಣಸಿಪ್ಪೆಯ ಕಪ್ಪುಗಂದಿಗೂ ಇರುವ ಅಂತರವನ್ನು ನೆನೆದರೆ ಇದು ನಮಗೆ ಅಪರಿಚಿತವಲ್ಲ; ಎರಡಕ್ಕೂ ಕೆಂಪು ಕೊಡುವುದು ಆಂಥೋಸಯನಿನ್ ಎಂಬ ವರ್ಣಗಳೇ. ವೈನಿನಲ್ಲಿ ಅವು ವರ್ಷಗಳ ಕಾಲ ಒಗರಿನ ಟ್ಯಾನಿನ್‌ಗಳೊಂದಿಗೆ ಕೂಡಿಕೊಂಡು ದೊಡ್ಡದಾಗುತ್ತವೆ, ಅದರಲ್ಲೊಂದು ಭಾಗ ತಳಕ್ಕೆ ಇಳಿಯುತ್ತದೆ. ಬಾಟಲಿಯ ತಳದಲ್ಲಿ ಕಾಣುತ್ತಿರುವ ಮಡ್ಡಿ ಅದೇ.

ಮೊದಲ ಗುಟುಕಿಗೆ ನಾನು ಹೇಳಿದ ಮಾತನ್ನು ಕತ್ತರಿಸದೆ ಉಳಿಸಿದ್ದೇನೆ: “ಇದರ ಕಾಲ ಮುಗಿದಿದೆ.” ಆಗ ಹಣ್ಣು ಎಲ್ಲೂ ಇರಲಿಲ್ಲ, ಹಳೆಯ ಚರ್ಮ, ಮಳೆ ನಿಂತ ಮೇಲಿನ ತೋಟದ ಒದ್ದೆ ದರಕು, ಅಷ್ಟೇ. ಈಗ ನಲವತ್ತು ನಿಮಿಷ ಕಳೆದಿವೆ, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಒಣದ್ರಾಕ್ಷಿಯ ಸಿಹಿ ಮೇಲೆ ಬಂದಿದೆ, ಒಗರು ಇದೆಯಾದರೂ ಹಿಡಿಯುವುದಿಲ್ಲ, ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ಉಳಿಯುತ್ತದೆ. ಹಾಗೆಂದು 2021 ಇದಕ್ಕಿಂತ ಕೆಳಗಿನದು ಎನ್ನಲಾರೆ. ಬಾಣಲೆಯಿಂದ ಈಗ ಬಂದ ಬಂಗುಡೆಗೆ ಎರಡೂ ಹೊಂದಲಿಲ್ಲ, ಕಾಳುಮೆಣಸು ಹಾಕಿ ಹುರಿದ ಕೋಳಿಗೆ ಮಾತ್ರ 2021 ಚೆನ್ನಾಗಿ ಒದಗಿತು. 2010ಕ್ಕೆ ಪಕ್ಕದಲ್ಲಿ ಏನೂ ಬೇಕಾಗಲಿಲ್ಲ.

ಬೆಳಕು ಇಳಿಯುತ್ತಿದೆ, ಈ ಶಾಟ್ ಇಲ್ಲಿಗೆ ಮುಗಿಯುತ್ತದೆ. 2021ರಲ್ಲಿ ಅರ್ಧ ಉಳಿದಿದೆ, ತಿರುಪಿನ ಮುಚ್ಚಳ ಹಾಕಿ ಫ್ರಿಜ್ಜಿಗೆ ಸೇರಿಸುತ್ತಿದ್ದೇನೆ. 2010ರಲ್ಲಿ ಮಡ್ಡಿಯ ಹೊರತು ಏನೂ ಉಳಿದಿಲ್ಲ.